ಮೇಲ್ಬಾವಿಯ ಹಲಗೆ

ಮೇಲ್ಬಾವಿ ಓಣಿ, ಥಾರ್ನ್‌ಲೋ, ಡರ್ಬಿಷೈರ್
ಬುಧವಾರ, 23 ಮೇ 1979, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ತಂಗಿ ಮೇವಿಸ್,

ಪಿತ್ತಕೋಶದ ಕಲ್ಲು ತೆಗೆಸಿದ ಗಾಯ ಈಗ ಹೇಗಿದೆ? ಹೊಲಿಗೆ ಬಿಚ್ಚಿದ್ದಾರೆಂದು ಲೆನ್ ಬರೆದಿದ್ದ. ಬಿಚ್ಚಿದ ಮಾತ್ರಕ್ಕೆ ವಾಸಿಯಾಯಿತು ಅಂದುಕೊಳ್ಳಬೇಡ. ನೀರಿನ ಬಕೆಟ್ಟು, ಒದ್ದೆ ಬಟ್ಟೆಯ ಬುಟ್ಟಿ ಏನನ್ನೂ ಎತ್ತಬೇಡ, ಗಂಡ ಇರುವುದು ಯಾಕೆ, ಲೆನ್ ಕೈಲಿ ಎತ್ತಿಸು. ಬೆಣ್ಣೆ ಕಡಿಮೆ ಮಾಡು. ಭೂಮಿಯ ಆ ಕೆಳತುದಿಯಲ್ಲಿ ನಿಮಗೆ ಈಗ ಚಳಿ ಶುರುವಾಗಿರಬೇಕು. ಮೇ ತಿಂಗಳಲ್ಲಿ ಚಳಿ ಎನ್ನುವುದು ನೀನು ಹೋಗಿ ಇಪ್ಪತ್ತೇಳು ವರ್ಷವಾದರೂ ನನ್ನ ತಲೆಗೆ ಹತ್ತಿಲ್ಲ. ಇಲ್ಲಿ ನಾವು ದೇವರ ದಯದಿಂದ ಚೆನ್ನಾಗಿದ್ದೇವೆ. ನಿನ್ನ ಭಾವ ಕ್ಲಾರೆನ್ಸನ ಎಡ ಮಂಡಿ ಮಾತ್ರ ಹಾಗೇ ಇದೆ. ನಲವತ್ತು ವರ್ಷ ಹೊಲದ ಕಲ್ಲುಗೋಡೆ ಕಟ್ಟಿದವನ ಮಂಡಿ, ಇನ್ನು ಹೇಗಿರುತ್ತದೆ? ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿ ಟಿಲ್ಲಿಯವರು ಕಡಲಾಚೆ ಇರುವವರನ್ನು ನೆನೆಯುವಾಗ ನಾನು ನಿನ್ನ ಹೆಸರನ್ನು ಬಾಯೊಳಗೇ ಹೇಳಿಕೊಳ್ಳುತ್ತೇನೆ. ಈಚಿನ ಮೂರು ಭಾನುವಾರ ಹೇಳಿಕೊಳ್ಳಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳು.

ನಿನ್ನ ಫೋಟೋ ಸಿಕ್ಕಿದೆ. ಆಗ ಊರಿನಲ್ಲಿ ಫೋಟೋ ತೆಗೆಯುತ್ತಿದ್ದನಲ್ಲ ಟಪಾಲಿನ ಮುದುಕ, ಅವನು ತೀರಿಕೊಂಡ ಮೇಲೆ ಅವನ ಅಟ್ಟ ಖಾಲಿ ಮಾಡುವಾಗ ಒಂದು ತಗಡಿನ ಡಬ್ಬಿಯಲ್ಲಿತ್ತಂತೆ. 1950ರ ಬಾವಿ ಸಿಂಗಾರ, ಮೊದಲನೆಯ ದಿನ. ಮೇಲ್ಬಾವಿಯ ಕಲ್ಲುತೊಟ್ಟಿಯ ಹಿಂದೆ ಹೂವಿನೆಸಳಿನ ಚಿತ್ರದ ಹಲಗೆ ನಿಂತಿದೆ, ಚಿತ್ರದಲ್ಲಿ ಕುರುಬನ ಹೆಗಲ ಮೇಲೆ ಮರಿ ಇದೆ, ಒಂದೊಂದು ಎಸಳೂ ಎಣಿಸುವ ಹಾಗೆ ಬಂದಿದೆ. ಹಲಗೆಯ ಮುಂದೆ ನೀನು. ಹದಿನೇಳು ವರ್ಷ, ಬಿಳಿ ಅಂಗಿ, ಕೂದಲಿಗೆ ರಿಬ್ಬನ್ನು, ಈಗಷ್ಟೇ ಯಾರೋ ಹೊಗಳಿದ್ದಾರೆ ಎನ್ನುವ ಮುಖ. ಈ ಊರಿನ ಪರಂಪರೆಯ ಬಗ್ಗೆ ಒಂದು ಪುಸ್ತಕ ಅಚ್ಚಾಗಿದೆ, ಅದರ ಹೊದಿಕೆಯ ಮೇಲೆ ಇಡೀ ಪುಟ ನೀನೇ. ‘ಮೇಲ್ಬಾವಿಯ ಹಲಗೆಯೊಂದಿಗೆ ಮೇವಿಸ್ ಗ್ರಾಟನ್’ ಎಂದು ಕೆಳಗೆ ಬರೆದಿದ್ದಾರೆ. ಅಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ, ಬಸ್ಸು ನಿಲ್ಲುವ ಕಡೆ, ಎಲ್ಲಿ ನೋಡಿದರೂ ನಿನ್ನ ಮುಖ. ಅಂಗಡಿಯ ಎಡ್ನಾ ಬ್ಯಾಗ್‌ಶಾ ನನಗೆ ಸಕ್ಕರೆ ಕಟ್ಟಿಕೊಡುತ್ತಾ, “ಅಲ್ಲಾ ಎನಿಡ್, ನಿನ್ ತಂಗಿ ಇಷ್ಟು ಚೆಂದ ಇದ್ಲಾ? ನಿಮ್ಮಿಬ್ರಿಗೂ ಒಬ್ಳೇ ತಾಯೀನಾ?” ಎಂದಳು. ತಮಾಷೆಗೇ ಅಂದದ್ದು. ಆದರೆ ಸಕ್ಕರೆ ಅಲ್ಲೇ ಬಿಟ್ಟು ಬಂದೆ. ಕ್ಲಾರೆನ್ಸ್ ಹೋಗಿ ತಂದ.

ಆ ಫೋಟೋದಲ್ಲಿ ನಾನೂ ಇದ್ದೇನೆ, ಮೇವಿಸ್. ಬಲಗಡೆಯ ಅಂಚಿನಲ್ಲಿ ಒಂದು ತೋಳಿದೆ, ಮೊಣಕೈವರೆಗೆ ಅಂಗಿ ಮಡಿಸಿದ ತೋಳು, ಅದರ ಕೈಯಲ್ಲಿ ಬಕೆಟ್ಟು. ಅದು ನಾನು. ಮಿಕ್ಕವಳನ್ನು ಫೋಟೋ ತೆಗೆದವನೇ ಆಚೆ ಬಿಟ್ಟಿದ್ದಾನೆ. ಅಮ್ಮ ಹೇಳುತ್ತಿದ್ದದ್ದು ನೆನಪಿದೆಯಾ? “ಮೇವಿಸ್ ಕೈಗೆ ದೇವರು ಕಲೆ ಕೊಟ್ಟ, ಎನಿಡ್ ಕೈಗೆ ಬಕೆಟ್ ಕೊಟ್ಟ.” ಬಂದವರೆಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಅಮ್ಮ ತೀರಿಕೊಂಡು ಹದಿಮೂರು ವರ್ಷ. ಈಗ ಅವಳ ಮಾತನ್ನು ಅಚ್ಚು ಹಾಕಿಸಿ ಹಂಚಿದ ಹಾಗಾಯಿತು. ಆ ತೋಳು ಯಾರದೆಂದು ನಾನು ಯಾರಿಗೂ ಹೇಳಲಿಲ್ಲ.

ಪುಸ್ತಕ ಬರೆದವಳು ರೊಸಲಿಂಡ್ ಹಾರ್ಕೋರ್ಟ್ ಎಂಬಾಕೆ. ಮೂರು ವರ್ಷದ ಹಿಂದೆ ಬಂದು ಹಳೆಯ ಕುಲುಮೆಮನೆ ಕೊಂಡುಕೊಂಡಳು. ನಾವು ಕುದುರೆ ಲಾಳ ನೋಡಲು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವಳ ಅಡುಗೆ ಒಲೆ ಇದೆ. ಪಟ್ಟಣದ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವಳು, ಗಂಡನಿಲ್ಲ, ಉದ್ದ ಮಣಿಸರ, ಗಂಡಸರ ಹಾಗೆ ಪ್ಯಾಂಟು. ಬಂದ ವರ್ಷವೇ ‘ಥಾರ್ನ್‌ಲೋ ಪರಂಪರೆ ಸಂಘ’ ಮಾಡಿದಳು. ಮೇಲ್ಬಾವಿಯ ಪಕ್ಕ ಹಸಿರು ಬಣ್ಣದ ಫಲಕ ನೆಡಿಸಿದಳು. ಇಷ್ಟು ದಿನ ಅದು ಬಾವಿಯಾಗಿತ್ತು, ಈಗ ಪರಂಪರೆಯಾಗಿದೆ. ಕಾರಿನಲ್ಲಿ ಬಂದವರು ಇಳಿದು ಫಲಕ ಓದಿ ಹೋಗುತ್ತಾರೆ, ನೀರು ಕುಡಿಯುವವರಿಲ್ಲ. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ನೆಮ್ಮದಿಯಿರುತ್ತಿತ್ತು. ಕೆಟ್ಟವಳಲ್ಲ. ಕ್ಲಾರೆನ್ಸ್ ಹಾಸಿಗೆ ಹಿಡಿದಾಗ ಎರಡು ಸಲ ಸೂಪು ತಂದಿದ್ದಳು. ಉಪ್ಪು ಕಡಿಮೆ, ಆದರೂ ತಂದಿದ್ದಳು. ಊರಿನ ಎಲ್ಲ ಮನೆಗಳ ಅಜ್ಜ-ಮುತ್ತಜ್ಜಂದಿರ ಹೆಸರು ಅವಳಿಗೆ ಬಾಯಿಪಾಠ. ನಮ್ಮ ಗ್ರಾಟನ್ ಮನೆತನದವರು ಯಾವಾಗ ಯಾರ ಕುರಿ ಕದ್ದರು ಎನ್ನುವುದನ್ನೂ ಕಚೇರಿಯ ಹಳೇ ಕಾಗದದಲ್ಲಿ ಹುಡುಕಿ, ನಗುನಗುತ್ತಾ ನನಗೇ ಬಂದು ಹೇಳಿದಳು.

ಕಳೆದ ಚಳಿಗಾಲದಲ್ಲಿ ಒಂದು ಟೇಪ್ ರೆಕಾರ್ಡರ್ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. “ಮಿಸೆಸ್ ವೈಲ್ಡ್‌ಗೂಸ್, ಬಾವಿ ಸಿಂಗಾರದ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಹೇಳಿ, ಒಂದನ್ನೂ ಬಿಡ್ಬೇಡಿ” ಎಂದಳು. ಎರಡು ಗಂಟೆ ಮಾತಾಡಿದೆ. ಹಲಗೆಯನ್ನು ಕೊಳದಲ್ಲಿ ನೆನೆಹಾಕುವುದು, ಮಣ್ಣು ತುಳಿಯುವುದು, ಚಿತ್ರದ ಕಾಗದವನ್ನು ಹಸಿಮಣ್ಣಿನ ಮೇಲಿಟ್ಟು ದಬ್ಬಳದಿಂದ ಚುಚ್ಚುವುದು, ಚುಚ್ಚಿದ ಗೆರೆಯ ಮೇಲೆ ಹಳ್ಳದ ದಂಡೆಯ ಮರದಿಂದ ಆಯ್ದ ಪುಟ್ಟ ಕರಿಕಾಯಿ ಒತ್ತುವುದು, ಆಮೇಲೆ ಎಸಳು ಹೊದಿಸುವುದು. ನನ್ನ ಮಾತನ್ನು ಇಷ್ಟು ಹೊತ್ತು ಕುಳಿತು ಕೇಳಿದವರು ಯಾರೂ ಇರಲಿಲ್ಲ. ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಫೆಬ್ರವರಿಯ ಸಭೆಯಲ್ಲಿ ಈ ವರ್ಷದ ಮೇಲ್ಬಾವಿಯ ಹಲಗೆಯನ್ನು ಅವಳಿಗೆ ಕೊಟ್ಟರು. ಅಮ್ಮನಿಂದ ನನಗೆ ಬಂದು ಇಪ್ಪತ್ತೆಂಟು ವರ್ಷ ಬೇರೆ ಯಾರ ಕೈಗೂ ಹೋಗದ ಹಲಗೆ. ಯಾರೂ ನನಗೆ ಕೆಟ್ಟ ಮಾತು ಆಡಲಿಲ್ಲ. ಪಾದ್ರಿಗಳು ಎಷ್ಟು ಮೆತ್ತಗೆ ಹೇಳಿದರು ಅಂತೀಯಾ: “ನಿಮಗೂ ಸ್ವಲ್ಪ ಬಿಡುವಾಗ್ಲಿ ಎನಿಡ್, ಎಷ್ಟು ವರ್ಷ ದುಡಿದಿದೀರಿ. ಮಣ್ಣಿನ ಉಸ್ತುವಾರಿ ನಿಮ್ದೇ.” ಮಣ್ಣಿನ ಉಸ್ತುವಾರಿ! ಎಡ್ನಾ ನನ್ನ ಪಕ್ಕದಲ್ಲೇ ಕೂತಿದ್ದಳು, ಕಿವಿಯಲ್ಲಿ, “ಮತ್ತೆ ಬಕೆಟ್ಟಿಗೇ ಬಂದೆ ಕಣೇ” ಎಂದಳು.

ಆಗಲಿ ಅಂತ ಬಕೆಟ್ಟು ಹಿಡಿದೆ. ಕಳೆದ ಶನಿವಾರ ರಬ್ಬರ್ ಬೂಟು ಹಾಕಿಕೊಂಡು ಮಣ್ಣು ತುಳಿದೆವು. ಉಪ್ಪನ್ನು ನಾನೇ ಹಾಕಿದೆ. ಉಪ್ಪು ಬಿದ್ದ ಮಣ್ಣು ವಾರವಿಡೀ ತೇವ ಹಿಡಿದಿರುತ್ತದೆ, ಇಲ್ಲದಿದ್ದರೆ ಬಿಸಿಲುಗಾಳಿಗೆ ಬಿರಿದು ಚೂರುಚೂರಾಗಿ ಉದುರುತ್ತದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ, ನಿನ್ನಷ್ಟು ಚೆನ್ನಾಗಿ ಅದು ಯಾರಿಗೆ ಗೊತ್ತು. ನಾನು ಉಪ್ಪಿನ ಕೆಲಸವನ್ನು ಯಾರ ಕೈಗೂ ಕೊಡುವುದಿಲ್ಲ. ‘ಎನಿಡ್‌ಗೆ ಉಪ್ಪಿನ ಹುಚ್ಚು’ ಎಂದು ಎಲ್ಲರೂ ನಗುತ್ತಾರೆ. ನಗಲಿ.

ಈ ವರ್ಷದ ಚಿತ್ರ ಬೈಬಲಿನ ಹಾಗರಳದ್ದು. ಅರಣ್ಯದಲ್ಲಿ ಮಗು ಬಾಯಾರಿ ಸಾಯುತ್ತಿದೆ, ತಾಯಿ ಅಳುತ್ತಿದ್ದಾಳೆ, ದೇವದೂತ ಅವಳಿಗೆ ಬಾವಿ ತೋರಿಸುತ್ತಾನೆ. ರೊಸಲಿಂಡ್ ಬರೆದ ಚಿತ್ರ ಚೆನ್ನಾಗಿದೆ. ಹೊಟ್ಟೆ ಉರಿಯುವಷ್ಟು ಚೆನ್ನಾಗಿದೆ. ನಾನು ಇಪ್ಪತ್ತೆಂಟು ವರ್ಷ ಹಳೆಯ ಕಾಗದಗಳನ್ನೇ ತಿರುಗಿಸಿ ಮುರುಗಿಸಿ ಹಾಕುತ್ತಿದ್ದೆ. ನನ್ನ ದೇವದೂತರಿಗೆಲ್ಲ ನಮ್ಮ ಹಳೆ ಮೇಷ್ಟರ ಮೂಗು. ಇವಳ ಹಾಗರಳು ಕತ್ತೆತ್ತಿ ನೋಡುವ ರೀತಿಗೆ ನಿಂತ ಕಡೆಯೇ ಪ್ರಾರ್ಥನೆ ಮಾಡೋಣ ಎನಿಸುತ್ತದೆ. ಹಲಗೆ ಭಾರವಾಗುತ್ತದೆಂದು ಈಗ ಮೂರು ತುಂಡು ಮಾಡುತ್ತಾರೆ. ಕೆಳಗಿನ ಎರಡು ತುಂಡು ಚರ್ಚಿನ ಸಭಾಂಗಣದಲ್ಲಿ ನಮ್ಮ ಹೆಂಗಸರ ಕೈಯಲ್ಲಿವೆ. ಮೇಲಿನ ತುಂಡು, ಹಾಗರಳ ತಲೆ ಇರುವುದು, ರೊಸಲಿಂಡಳ ಗ್ಯಾರೇಜಿನಲ್ಲಿ. ಒಬ್ಬಳೇ ಕೂತು ಮಾಡಬೇಕಂತೆ, ಗದ್ದಲವಾದರೆ ಮುಖ ಕೆಡುತ್ತದಂತೆ.

ಇವತ್ತು ಬೆಳಿಗ್ಗೆ ಹಾಗರಳ ಮೈಬಣ್ಣಕ್ಕೆಂದು ನನ್ನ ಹೈಡ್ರೇಂಜಿಯ ಹೂವಿನ ಎಸಳು ಬೇಕೆಂದು ಹೇಳಿ ಕಳಿಸಿದ್ದಳು. ಅಮ್ಮ ನೆಟ್ಟ ಗಿಡದ್ದು, ಹೋದ ಅಕ್ಟೋಬರಿನಲ್ಲಿ ಬಿಡಿಸಿ ಶೂ ಡಬ್ಬಿಯಲ್ಲಿ ಒಣಗಿಸಿಟ್ಟದ್ದು. ಅದರ ಬೂದುಗೆಂಪು ಬಣ್ಣ ಬೇರೆ ಯಾರ ತೋಟದಲ್ಲೂ ಇಲ್ಲ. ಕೊಡುವುದೋ ಬೇಡವೋ ಎಂದು ಅರ್ಧ ಗಂಟೆ ಡಬ್ಬಿ ಹಿಡಿದು ನಿಂತೆ. ಕೊನೆಗೆ, ಬಾವಿ ದೇವರದ್ದು, ಅವಳದ್ದಲ್ಲ ಎಂದು ತಗೊಂಡು ಹೋದೆ. ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಮುಖ ಮುಕ್ಕಾಲು ಆಗಿತ್ತು, ಬೇರೆ ಯಾರದೋ ತೋಟದ ಎಸಳಿನಲ್ಲಿ. ನನ್ನದು ಕುತ್ತಿಗೆಗೆ ಬೇಕಾಗಿತ್ತು, ಅಷ್ಟೇ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಹಣೆಯಿಂದ ಶುರು ಮಾಡಿ ಕೆಳಕ್ಕೆ ಬಂದಿದ್ದಾಳೆ, ಮೇವಿಸ್. ಮೇಲಿನಿಂದ ಕೆಳಕ್ಕೆ!

ನೀನಾದರೆ ನಕ್ಕುಬಿಡುತ್ತಿದ್ದೆ. ನಮಗೆ ಯಾರಾದರೂ ಬಾಯಿಬಿಟ್ಟು ಹೇಳಿಕೊಟ್ಟರಾ? ಮಾಡಿಗೆ ಹಂಚು ಹೊದಿಸುವಾಗ ಕೆಳಗಿನ ಸಾಲು ಮೊದಲು, ಅದರ ತಲೆಯ ಮೇಲೆ ಮೇಲಿನ ಸಾಲಿನ ಬಾಲ. ಎಸಳೂ ಹಾಗೇ. ಆಗ ಮಳೆ ಬಿದ್ದರೆ ಜಾರಿ ಹೋಗುತ್ತದೆ. ಮೇಲಿನಿಂದ ಹೊದಿಸುತ್ತಾ ಬಂದರೆ ಒಂದೊಂದು ಎಸಳೂ ಒಂದೊಂದು ಜೇಬಾಗುತ್ತದೆ, ನೀರು ಒಳಗೆ ಇಳಿಯುತ್ತದೆ, ಮಣ್ಣು ಕರಗುತ್ತದೆ, ಮುಖ ಕೆಳಗೆ ಜಾರುತ್ತದೆ. ನಾವು ಐದು ವರ್ಷದವರಾಗಿದ್ದಾಗಲೇ ಕೈಗೆ ಗೊತ್ತಿದ್ದ ಸಂಗತಿ ಇದು, ಬಾಯಿಗೆ ಬಂದದ್ದೇ ಇಲ್ಲ. ಆ ಟೇಪ್ ರೆಕಾರ್ಡರಿಗೆ ಎರಡು ಗಂಟೆ ಮಾತಾಡಿದೆನಲ್ಲ, ಇದೊಂದನ್ನು ಹೇಳಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ದೇವರಾಣೆ. ಉಸಿರಾಡುವುದು ಹೇಗೆ ಎಂದು ಯಾರಾದರೂ ಹೇಳುತ್ತಾರಾ?

ಆದರೆ ಇವತ್ತು ಬೆಳಿಗ್ಗೆ ಬೇಕೆಂದೇ ಸುಮ್ಮನಾದೆ. ಅವಳು ಮುಖದ ಮೇಲಿಂದ ಕಣ್ಣೆತ್ತದೆ, “ಹೇಗಿದೆ ಹೇಳಿ ಮಿಸೆಸ್ ವೈಲ್ಡ್‌ಗೂಸ್? ನೀವು ಚೆನ್ನಾಗಿದೆ ಅಂದ್ರೆ ನಂಗೆ ಸಾಕು, ಬೇರೆ ಯಾರ ಮಾತೂ ಬೇಡ” ಎಂದಳು. ನಾನು, “ಕಣ್ಣು ಚೆನ್ನಾಗಿ ಬಂದಿದೆ” ಎಂದೆ. ಅದು ಸುಳ್ಳಲ್ಲ. “ನಿಮ್ ತಂಗಿ ಹಲಗೆ ಮುಂದೆ ಇದೇನೂ ಅಲ್ಲ ಬಿಡಿ, ಆ ಕುರಿಮರಿ ನೋಡಿ ನೋಡಿ ಸಾಕಾಗಲ್ಲ ನಂಗೆ” ಎಂದಳು. ಗೋಡೆಯಲ್ಲಿ ನಿನ್ನ ಫೋಟೋ ದೊಡ್ಡದು ಮಾಡಿಸಿ ಅಂಟಿಸಿಕೊಂಡಿದ್ದಾಳೆ. ನಾನು ಶೂ ಡಬ್ಬಿ ಇಟ್ಟೆ, ಬಾಗಿಲು ಮುಂದಕ್ಕೆ ಎಳೆದು ಬಂದುಬಿಟ್ಟೆ. ಬರುವಾಗ ದಾರಿಯುದ್ದಕ್ಕೂ ಹಗುರವಾಗಿದ್ದೆ, ಮೇವಿಸ್. ಹುಡುಗಿಯ ಹಾಗೆ. 1702ರಲ್ಲಿ ಯಾರನ್ನು ಯಾವ ಮೂಲೆಯಲ್ಲಿ ಹೂಳಿದರು ಎನ್ನುವುದು ನಿನಗೆ ಗೊತ್ತಲ್ಲ ರೊಸಲಿಂಡ್, ಎಸಳು ಹೊದಿಸುವುದನ್ನೂ ಹಳೇ ಕಾಗದದಲ್ಲಿ ಹುಡುಕಿಕೋ, ಎಂದುಕೊಂಡೆ.

ನಾಳೆ ಸ್ವರ್ಗಾರೋಹಣದ ಗುರುವಾರ. ಬೆಳಿಗ್ಗೆ ಹಲಗೆ ನಿಲ್ಲಿಸುತ್ತಾರೆ, ಎರಡೂವರೆಗೆ ಬ್ಯಾಂಡು, ಮೆರವಣಿಗೆ, ಪಾದ್ರಿಗಳ ಆಶೀರ್ವಾದ. ಬಿಷಪ್ಪರೂ ಬರುತ್ತಾರಂತೆ. ಊಟಕ್ಕೆ ಓಟ್ಸ್ ರೊಟ್ಟಿ, ಹಂದಿಮಾಂಸ ಹಾಕಿಕೊಟ್ಟೆ. ಕ್ಲಾರೆನ್ಸ್ ತಿನ್ನುತ್ತಾ ಮಂಡಿ ಉಜ್ಜಿಕೊಂಡು, “ಇವತ್ತು ರಾತ್ರಿಗೋ ನಾಳೆಗೋ ಮಳೆ ಗ್ಯಾರಂಟಿ ಕಣೇ” ಎಂದ. ನನ್ನ ಮುಖ ನೋಡಿ, “ಏನು, ಮಳೆ ಅಂದ್ರೆ ಇಷ್ಟು ಖುಷಿ?” ಎಂದ. ಎದ್ದು ತಟ್ಟೆ ತೊಳೆಯಲು ಹೋದೆ. ಕಿಟಕಿಯಿಂದ ನೋಡಿದರೆ ಪಡುವಣ ಗುಡ್ಡದ ಮೇಲೆ ಮೋಡ ಕೂತಿದೆ. ನಾನು ಮಳೆಗಾಗಿ ಪ್ರಾರ್ಥಿಸಲಿಲ್ಲ. ಅಷ್ಟು ಕೆಟ್ಟವಳಲ್ಲ. ಆದರೆ ಮಳೆ ಬೇಡ ಎಂದು ಪ್ರಾರ್ಥಿಸಲೂ ಇಲ್ಲ. ಮಂಡಿಯೂರಿದೆ, ಬಾಯಿ ತೆರೆಯಲಿಲ್ಲ, ಎದ್ದೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕಿತ್ತು. ಪೆನ್ನು ಹಿಡಿದು ನಿನಗೆ ಬರೆಯಲು ಕೂತೆ. ನೋಡು, ಹೇಳಿಕೊಳ್ಳಲಿಕ್ಕೂ ನೀನೇ ಬೇಕು.

ನಿನ್ನನ್ನು ಕಂಡರೆ ನನಗೆ ಹೊಟ್ಟೆಯುರಿ, ಮೇವಿಸ್. ಐವತ್ತನೆಯ ವಯಸ್ಸಿನಲ್ಲಿ ಬರೆಯುತ್ತಿದ್ದೇನೆ, ನಗಬೇಡ. ನೀನು ಎಸಳು ಒತ್ತಿದರೆ ಅದು ಅಲ್ಲೇ ಹುಟ್ಟಿದ ಹಾಗೆ ಕೂರುತ್ತಿತ್ತು. ನಾನು ಒತ್ತಿದರೆ ಬೆರಳ ಗುರುತು ಬೀಳುತ್ತಿತ್ತು. ನಾನು ನಸುಕಿಗೇ ಎದ್ದು ನೀಲಿಗಂಟೆ ಹೂ ಕೊಯ್ದು ತರುತ್ತಿದ್ದೆ, ನೀನು ಹತ್ತು ಗಂಟೆಗೆ ಬಂದು ಕೂತು ಹೊಗಳಿಸಿಕೊಳ್ಳುತ್ತಿದ್ದೆ. 1950ರಲ್ಲಿ ಮಣ್ಣು ತುಳಿಯುವ ದಿನವೂ ನೀನಿರಲಿಲ್ಲ. ಲೆನ್ ಮೋಟಾರ್ ಸೈಕಲ್ ತಂದಿದ್ದ. ಅಮ್ಮನಿಗೆ ಹೇಳಬೇಡ ಎಂದು ನನ್ನ ಕುತ್ತಿಗೆ ಹಿಡಿದು ಮುದ್ದು ಮಾಡಿದೆ. ನಾನು, “ಹೋಗೇ, ನಿನ್ನ ಪಾಲಿಂದು ನಾನ್ ಮಾಡ್ತೀನಿ” ಎಂದೆ. ಹಲಗೆ ನಿಂತ ಮೊದಲ ದಿನ ಎಲ್ಲರೂ ನಿನ್ನನ್ನು ಎತ್ತಿಕೊಂಡು ಕುಣಿಯುವುದೊಂದು ಬಾಕಿ. ಎರಡನೆಯ ದಿನ ಬಿಸಿಲು, ಗಾಳಿ. ಮೂರನೆಯ ದಿನ ಬೆಳಿಗ್ಗೆ ಚರ್ಚಿನಿಂದ ಬರುವಷ್ಟರಲ್ಲಿ ಕುರುಬನ ಹೆಗಲಿನಿಂದ ಮರಿ ಬಿದ್ದಿತ್ತು. ಮಣ್ಣು ಬಿರಿದು, ಅಂಗೈಯಗಲದ ಚೂರುಗಳು ತೊಟ್ಟಿಯ ನೀರಿನಲ್ಲಿ. ಅಮ್ಮ ಎಲ್ಲರ ಮುಂದೆ ನಿನಗೆ ಅಂದದ್ದು ಇನ್ನೂ ಕಿವಿಯಲ್ಲಿದೆ: “ಗಂಡಿನ ಹಿಂದೆ ತಿರುಗೋಳು ಮಣ್ಣು ಹದ ಮಾಡ್ತಾಳಾ? ದೇವರ ಬಾವಿಗೆ ಅವಮಾನ ಮಾಡಿದೆಯಲ್ಲೇ!” ನೀನು ನನ್ನ ಹೆಸರು ಎತ್ತದೆ ಚೂರುಗಳನ್ನು ಲಂಗದಲ್ಲಿ ಆಯ್ದುಕೊಂಡೆ. ಆಮೇಲೆ ಒಂದೇ ಒಂದು ಎಸಳು ಮುಟ್ಟಲಿಲ್ಲ. ಮುಂದಿನ ವರ್ಷ ಅಮ್ಮ ದಬ್ಬಳವನ್ನು ನನ್ನ ಕೈಗೆ ಕೊಟ್ಟಳು. ಅದರ ಮುಂದಿನ ವರ್ಷ ನೀನು ಹಡಗು ಹತ್ತಿದೆ.

ಅಬ್ರಹಾಮನ ಮನೆಯಲ್ಲಿ ದಾಸಿ ಹಾಗರಳನ್ನು ಕಂಡರೆ ಆಗದೆ ಅರಣ್ಯಕ್ಕೆ ಅಟ್ಟಿಸಿದವಳು ಅವನ ಹೆಂಡತಿ ಸಾರಳು. ಅವಳೂ ದೇವರಲ್ಲಿ ಭಕ್ತಿಯಿದ್ದವಳೇ. ಆದರೆ ಹಾಗರಳ ಚಿತ್ರ ಬರೆಯುವಾಗ ಸಾರಳನ್ನು ಯಾರೂ ಬರೆಯುವುದಿಲ್ಲ. ಹಲಗೆಯ ಅಂಚಿನಲ್ಲಿ ಅವಳದೊಂದು ತೋಳಾದರೂ ಇರಬೇಕಿತ್ತು.

ಮೊದಲ ಹನಿ ಕಿಟಕಿಗೆ ಬಿತ್ತು. ಗಡಿಯಾರದಲ್ಲಿ ಮೂರೂ ಇಪ್ಪತ್ತು. ಕೊಡೆ ಎಲ್ಲಿದೆಯೋ. ಇಲ್ಲಿಗೆ ನಿಲ್ಲಿಸಿ ಕುಲುಮೆಮನೆಗೆ ಹೋಗಿ ಬರುತ್ತೇನೆ.

ಶುಕ್ರವಾರ, ಬೆಳಿಗ್ಗೆ

ಹೋದೆ, ಮೇವಿಸ್. ಒದ್ದೆಯಾಗಿ ಹೋದೆ, ಏಕೆಂದರೆ ಕೊಡೆ ಸಿಗಲಿಲ್ಲ. ಅವಳು ಮುಖ ಮುಗಿಸಿ, ನನ್ನ ಎಸಳಿನಲ್ಲಿ ಕುತ್ತಿಗೆಯನ್ನೂ ಮುಗಿಸಿ, ಕೈ ಒರೆಸಿಕೊಳ್ಳುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಹೇಳಿದೆ, ಎಸಳು ಕೆಳಗಿಂದ ಬರಬೇಕಿತ್ತು, ಇದು ನಿಲ್ಲುವುದಿಲ್ಲ ಎಂದು. ಅವಳಿಗೆ ಅರ್ಥವಾಗಲಿಲ್ಲ. ಒಂದು ಲೋಟ ನೀರು ತಂದು ಹಾಗರಳ ಹಣೆಯ ಮೇಲೆ ಸುರಿದೆ. ನೋಡುತ್ತಿದ್ದಂತೆ ಹುಬ್ಬು ಕೆನ್ನೆಗೆ ಇಳಿಯಿತು. ಅವಳು ಚೀರಲಿಲ್ಲ. ಇಳಿದ ಹುಬ್ಬನ್ನು ಬೆರಳಿನಿಂದ ಮುಟ್ಟಿ, “ಬೆಳಿಗ್ಗೆ ಬಂದಾಗ್ಲೇ ನಿಮಗೆ ಗೊತ್ತಾಗಿತ್ತಾ?” ಎಂದಳು.

“ಗೊತ್ತಾಗಿತ್ತು” ಎಂದೆ.

“ಹೇಳಲಿಲ್ಲ.”

“ಇಲ್ಲ.”

ಬಯ್ಯುತ್ತಾಳೆ ಎಂದು ಕಾದೆ. ಬೈದಿದ್ದರೆ ತಿರುಗಿ ನಾಲ್ಕು ಮಾತು ಅನ್ನಲು ಅನುಕೂಲವಾಗುತ್ತಿತ್ತು. ಅವಳು ಮೂಗೊರೆಸಿಕೊಂಡು, “ಬೆಣ್ಣೆ ಸವರೋ ಚಾಕು ಆಗುತ್ತಾ ಕೆರೆಯೋಕೆ?” ಎಂದಳು. ಇಬ್ಬರೂ ಕೂತು ಕೆರೆದೆವು. ದಬ್ಬಳ ನನ್ನ ಏಪ್ರನ್ನಿನಲ್ಲೇ ಇತ್ತು, ಗೆರೆ ಮತ್ತೆ ಚುಚ್ಚಿದೆ. ಗಲ್ಲದಿಂದ ಶುರು ಮಾಡಿ ಮೇಲಕ್ಕೆ, ಸಾಲು ಸಾಲಾಗಿ, ನಾನು ಒಂದು ಕೆನ್ನೆ, ಅವಳು ಒಂದು ಕೆನ್ನೆ. ನಾನು ಮಧ್ಯೆ ಮಧ್ಯೆ, “ಬಾಲ ಮುಚ್ಚಿ, ಬಾಲ ಮುಚ್ಚಿ” ಅನ್ನುತ್ತಿದ್ದೆ, ಅವಳು ಶಾಲೆಯ ಹುಡುಗಿಯ ಹಾಗೆ “ಹೂಂ, ಹೂಂ” ಅನ್ನುತ್ತಿದ್ದಳು. ಹಗಲಿನ ಬೆಳಕು ಹೋಗುವಷ್ಟರಲ್ಲಿ ಮೂಗಿನವರೆಗೆ ಬಂದೆವು, ಬಲ್ಬು ಹಾಕಿ ಕಣ್ಣು ಮುಗಿಸಿದೆವು. ಹಣೆಗೆ ಎಸಳು ಸಾಲಲಿಲ್ಲ. ನನ್ನ ಕೋಳಿಗಳ ಮೊಟ್ಟೆಚಿಪ್ಪು ಪುಡಿ ಮಾಡಿ ಒತ್ತಿದೆವು. ಒಂದು ಕಣ್ಣು ಇನ್ನೊಂದಕ್ಕಿಂತ ಕೆಳಗಿದೆ. ಅದು ನನ್ನ ಕಡೆಯ ಕಣ್ಣು.

ನಿನ್ನೆ ಮೆರವಣಿಗೆಯ ಹೊತ್ತಿಗೇ ಸರಿಯಾಗಿ ಮಳೆ ಹುಯ್ಯಿತು. ಬ್ಯಾಂಡಿನವರ ತುತ್ತೂರಿಯಿಂದ ನೀರು ಬಂತು. ಹಾಗರಳು ನಿಂತಳು, ಒಂದು ಎಸಳೂ ಅಲುಗಲಿಲ್ಲ. ನೀರು ಕೆನ್ನೆಯ ಮೇಲೆ ಹರಿದು ತೊಟ್ಟಿಗೆ ಬೀಳುತ್ತಿದ್ದರೆ ನಿಜವಾಗಿಯೂ ಅಳುತ್ತಿದ್ದಾಳೆ ಎನಿಸುತ್ತಿತ್ತು. ಬಿಷಪ್ಪರು ಹಣೆಯ ಬಿಳುಪನ್ನು ತೋರಿಸಿ, ದೇವದೂತನ ಬೆಳಕು ಅವಳ ಮೇಲೆ ಬಿದ್ದಿರುವುದನ್ನು ಎಷ್ಟು ಸೂಕ್ಷ್ಮವಾಗಿ ತೋರಿಸಿದ್ದೀರಿ ಎಂದು ರೊಸಲಿಂಡಳ ಕೈ ಕುಲುಕಿದರು. ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ನಗು ಬರುತ್ತಿತ್ತು. ಎಡ್ನಾ ಮಾತ್ರ ಹತ್ತಿರ ಬಂದು, “ಒಂದು ಕಣ್ಣು ನೋಡಿದ್ರೆ ಯಾರ ಕೆಲಸ ಅಂತ ಗೊತ್ತಾಗುತ್ತೆ ಬಿಡು” ಎಂದಳು. ಈ ಸಲ ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚು ಹೋಯಿತು ಅಂದುಕೊಳ್ಳಬೇಡ. ಬಿಷಪ್ಪರು ಕೈ ಕುಲುಕಿದ್ದು ಅವಳದ್ದು, ನನ್ನದಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಾನು ಬೆಳಿಗ್ಗೆ ಸುಮ್ಮನಿದ್ದುಬಿಟ್ಟದ್ದನ್ನು ಅವಳು ಯಾರಿಗೂ ಹೇಳಿಲ್ಲ. ಅದು ಬೇರೆ ಉರಿಯುತ್ತದೆ.

ಚಹಾ ಕುಡಿಯುವಾಗ ರೊಸಲಿಂಡ್ ಆ ಪುಸ್ತಕ ಮುಂದಿಟ್ಟು, “ಇಷ್ಟು ದಿನ ಕೇಳ್ಬೇಕು ಅಂದ್ಕೊಂಡಿದ್ದೆ, ಈ ಅಂಚಿನಲ್ಲಿ ಬಕೆಟ್ ಹಿಡಿದಿರೋ ತೋಳು ಯಾರದ್ದು? ಮುಂದಿನ ಸಲ ಅಚ್ಚು ಹಾಕ್ಸೋವಾಗ ಹೆಸರು ಸೇರಿಸೋಣ” ಎಂದಳು. ನನ್ನದು ಎಂದೆ. ಅವಳು ಖುಷಿಯಿಂದ ಬರೆದುಕೊಂಡಳು. “ಬಕೆಟ್ಟಲ್ಲಿ ಏನಿತ್ತು?” ಎಂದಳು. ಚಹಾ ಆರುತ್ತದೆ ಎಂದೆ.

ಲೆನ್‌ಗೆ, ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ಕ್ಲಾರೆನ್ಸ್ ನಿನ್ನ ಆರೋಗ್ಯ ಕೇಳಿದ. ಗಾಯ ಒಣಗುವವರೆಗೆ ಎಚ್ಚರವಾಗಿರು, ಉಣ್ಣೆಯ ಪಟ್ಟಿ ಕಟ್ಟಿಕೋ. ಹಾಗರಳಿಗೆ ಬಾವಿ ತೋರಿಸಿದ ದೇವರು ನಿನ್ನನ್ನೂ ಕಾಯಲಿ.

ನಿನ್ನ ಅಕ್ಕ,
ಎನಿಡ್

ಮ.ವಿ.: ಟಪಾಲು ಗಾಡಿ ಓಣಿಯ ತುದಿಗೆ ಬಂದಿದೆ, ಬೇಗ ಬರೆಯುತ್ತೇನೆ. ಆ ಫೋಟೋದ ಬಕೆಟ್ಟಿನಲ್ಲಿದ್ದದ್ದು ಉಪ್ಪು. ಮಣ್ಣು ತುಳಿದ ದಿನವೇ ಅದರೊಳಗೆ ಬೀಳಬೇಕಾಗಿದ್ದ ಉಪ್ಪು, ಪೂರ್ತಿ ಹಾಗೇ ಇದೆ, ನೋಡಿದರೆ ಅಂಚಿನಲ್ಲಿ ಬೆಳ್ಳಗೆ ಕಾಣುತ್ತದೆ. ನಿನ್ನ ಪಾಲಿನ ಕೆಲಸ ಮಾಡುತ್ತೇನೆ ಎಂದವಳು ಮಣ್ಣು ತುಳಿದೆ, ಉಪ್ಪು ಹಾಕಲಿಲ್ಲ. ಮರೆತದ್ದಲ್ಲ. ಹಲಗೆ ಬಿರಿದದ್ದು ನಿನ್ನಿಂದಲ್ಲ, ಮೇವಿಸ್. ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ. ಈ ಮಾತು ತಿಳಿದ ಮೇಲೆ ನೀನು ನನಗೆ ಬರೆಯದಿದ್ದರೂ ಸರಿಯೇ. ಬರೆಯುವೆಯಾದರೆ ಅಮ್ಮನ ದಬ್ಬಳ ಯಾರ ಕೈಲಿ ಕಳಿಸಲಿ ಎಂದು ತಿಳಿಸು, ಅದು ನಿನ್ನದು. ಮತ್ತೊಮ್ಮೆ ಓದಿದರೆ ಹರಿದು ಹಾಕುತ್ತೇನೆ, ಓದದೆ ಅಂಟಿಸುತ್ತಿದ್ದೇನೆ.